ಹಣಮಂತನ ಫ್ಯಾನಿಲ್ಲದ ಕಂಪ್ಯೂಟರು

ಪಟ್ಟಂದೂರು ಅಗ್ರಹಾರದ ಅಂಜಿನಮ್ಮನ ವಠಾರದಲ್ಲಿ, ಹಣಮಂತ ಇವತ್ತು ಏನು ತಿಂದ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಅವನೇ ಮಹಡಿಯಿಂದ ಕೂಗಿ ಹೇಳಿರುತ್ತಿದ್ದ. ಬಾಗಲಕೋಟೆ ಕಡೆಯ ಮನುಷ್ಯ. ಹೂಡಿಯ ಹತ್ತಿರ ಒಂದು ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ತಗಡಿಗೆ ಧಡ್ ಧಡ್ ಅಂತ ತೂತು ಹೊಡೆಯುವುದೇ ಕೆಲಸ. ಆ ಗದ್ದಲದಲ್ಲಿ ಬಾಯಿಗೆ ಬೆಲೆಯೇ ಇಲ್ಲ, ಎಲ್ಲವೂ ಕೈಸನ್ನೆ. ದಿನವಿಡೀ ಕಟ್ಟಿಟ್ಟ ಮಾತನ್ನೆಲ್ಲ ಮನೆಗೆ ತಂದು ಸುರಿಯುತ್ತಾನೆ ಎಂದು ವಠಾರದವರು ನಗುತ್ತಿದ್ದರು.

ಅವನ ಹೆಂಡತಿ ಸವಿತಾಗೆ ಓದಿನ ಹುಚ್ಚು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡಿಸುವ ಸಂಸ್ಥೆಯೊಂದಿದೆ ಎಂದು 2014ರಲ್ಲಿ ಅವಳಿಗೆ ತಿಳಿಯಿತು. ಒಂದು ಪಾಠ ಓದಿ ಕಳಿಸಿದಳು. ಉತ್ತರ ಬಂತು: ಓದು ಬಹಳ ಚೆನ್ನಾಗಿದೆ, ಆದರೆ ಹಿಂದುಗಡೆ ಉದ್ದಕ್ಕೂ ಗುಂಯ್ ಎನ್ನುವ ಸದ್ದಿದೆ. ಸದ್ದಿಲ್ಲದಂತೆ ಇನ್ನೊಮ್ಮೆ ಕಳಿಸಿ, ಆಗ ಹತ್ತನೇ ತರಗತಿಯ ಸಮಾಜ ವಿಜ್ಞಾನ ಪೂರ್ತಿ ನಿಮಗೇ. ಇಡೀ ಪುಸ್ತಕ! ಸವಿತಾಗೆ ಅನ್ನ ಸೇರದಾಯಿತು. ಪಿಯುಸಿಗೇ ಓದು ಬಿಟ್ಟು ಬಂದವಳು ಅವಳು. ತನ್ನ ದನಿ ಕೇಳಿಕೊಂಡು ಮಕ್ಕಳು ಪರೀಕ್ಷೆ ಬರೆಯುವುದಕ್ಕಿಂತ ದೊಡ್ಡ ಆಸೆ ಅವಳಿಗೆ ಇನ್ನೊಂದಿರಲಿಲ್ಲ.

"ಯಾವ ಸಪ್ಪಳ? ಎಲ್ಲೈತಿ ಸಪ್ಪಳ?" ಹಣಮಂತ ಕಂಪ್ಯೂಟರಿಗೆ ಕಿವಿ ಹಚ್ಚಿ ಕೂತ. ಬಿಡಿಭಾಗ ತಂದು ಅವನೇ ಜೋಡಿಸಿದ ಕಂಪ್ಯೂಟರು ಅದು. ಅದನ್ನು ಬೈದರೆ ಅವನನ್ನೇ ಬೈದ ಹಾಗೆ. ಅಂಜಿನಮ್ಮನ ಫ್ರಿಜ್ಜು, ಬೀದಿಯ ನೀರಿನ ಟ್ಯಾಂಕರು, ಐಟಿ ಪಾರ್ಕಿನ ಜನರೇಟರು, ಎಲ್ಲದರ ಮೇಲೂ ಹರಿಹಾಯ್ದ. ಕೊನೆಗೆ ಹೆಂಡತಿಯ ಸಪ್ಪೆ ಮೋರೆ ನೋಡಲಾರದೆ, ಪೇಟೆಗೆ ಹೋಗಿ ಒಳಗಿನ ಸಿಪಿಯು ಚಿಪ್ ತಣ್ಣಗಿಡುವ ಹೊಸ ಫ್ಯಾನು ತಂದ. ಅಂಗಡಿಯಲ್ಲೇ ಓಡಿಸಿ, ಕಿವಿಗೆ ಹಿಡಿದು, ಪರೀಕ್ಷೆ ಮಾಡಿ ತಂದದ್ದು! ಜೋಡಿಸಿ ಕೈ ಕೊಡವಿದ.

"ತಗೋ. ಸೂಜಿ ಬಿದ್ರೂ ಕೇಳತೈತಿ."

ಸವಿತಾ ತಲೆ ಅಲ್ಲಾಡಿಸಿದಳು. "ಹಂಗ ಐತ್ರೀ. ಇನ್ನೂ ಗುಂಯ್ ಅನ್ನಾಕತ್ತೈತಿ."

"ಸುಳ್ಳ!"

ಪಂಚಾಯ್ತಿಗೆ ಅಂಜಿನಮ್ಮ ಬಂದಳು. ವಠಾರದ ಒಡತಿ, ಎಪ್ಪತ್ತು ದಾಟಿದ ಮುದುಕಿ. ಒಳಗೂ ಬರದೆ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು: "ಏನ್ಲಾ ಅಣಮಂತಾ, ಈ ಪಾಟಿ ಗುಂಯ್ಗುಡ್ತಾ ಅದೆ, ಕಣಜದ ಗೂಡು ಇಟ್ಟಂಗೆ. ನಿಂಗ್ ಕೇಳಕಿಲ್ವಾ?"

ಕೇಳುತ್ತಿರಲಿಲ್ಲ. ಮುದುಕಿಗೆ ಬಾಗಿಲಿನಿಂದಲೇ ಕೇಳಿದ್ದು ಅವನಿಗೆ ಕಿವಿ ಹಚ್ಚಿದರೂ ಕೇಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕಿವಿಗೆ ಹಾಕಿಕೊಳ್ಳಲು ಕೊಟ್ಟ ಬಿರಡೆಗಳನ್ನು ಪುಕ್ಕಲರ ಸಾಮಾನೆಂದು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ. ಪ್ರೆಸ್ಸು ಅವನ ಕಿವಿಯನ್ನು ಚೂರುಚೂರಾಗಿ ತಿಂದು ಹಾಕಿತ್ತು. ಹಣಮಂತನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಭಯವಾಯಿತು. ಅವತ್ತು ಅವನ ಊಟದ ಸುದ್ದಿ ವಠಾರಕ್ಕೆ ಸಿಗಲಿಲ್ಲ.

ಆದರೆ ಆಸಾಮಿ ಸುಮ್ಮನೆ ಕೂರುವ ಪೈಕಿಯಲ್ಲ. ಬೆಳಗಾಗುತ್ತಲೇ ಶುರು. "ನನ್ನ ಕಿವಿ ನಂಬಿದ್ರ ನಿನ್ನ ಪುಸ್ತಕ ಹೋತು. ಕಣ್ಣಿಲೆ ನೋಡಿ 'ಸಪ್ಪಳ ಇಲ್ಲ' ಅನ್ನೂವಂಥಾದ್ದು ಏನರ ಬೇಕು." ತುಸು ಯೋಚಿಸಿ ತೊಡೆ ತಟ್ಟಿದ. "ತಿರುಗೂದ ಇಲ್ಲದಿದ್ರ ಸಪ್ಪಳ ಎಲ್ಲಿಂದ ಬರತೈತಿ!"

ಭಾನುವಾರ ಇಬ್ಬರೂ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರಸ್ತೆಗೆ ಹೋದರು. ಅಂಗಡಿಯ ಹುಡುಗ ದೀಪು ಫ್ಯಾನೇ ಇಲ್ಲದ ಕೂಲರುಗಳನ್ನು ಮುಂದಿಟ್ಟ. ಅಂದರೆ ಲೋಹದ ತೆಳು ಹಾಳೆಗಳ ಗೊಂಚಲು, ಅಷ್ಟೇ. ಸಿಪಿಯುವಿನ ಬಿಸಿ ಆ ಹಾಳೆಗಳಿಗೆ ಏರಿ, ಅಲ್ಲಿಂದ ಗಾಳಿಯ ಜೊತೆ ತಾನಾಗಿಯೇ ಮೇಲೆ ಹೋಗಬೇಕು. ಹಣಮಂತ ಹಾಳೆಗಳು ಒತ್ತೊತ್ತಾಗಿದ್ದ, ಕೈತುಂಬ ಭಾರದ್ದನ್ನು ಎತ್ತಿಕೊಂಡ. ತಗಡಿನ ಮನುಷ್ಯನಿಗೆ ತಗಡು ಜಾಸ್ತಿ ಇದ್ದದ್ದೇ ಚಂದ.

ಸವಿತಾ ಅದನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು. "ಒಲಿಯಾಗ ಕಟಗಿ ಇಷ್ಟು ಒತ್ತಿ ತುರುಕಿದ್ರ ಉರಿ ಹತ್ತತೈತೇನ್ರೀ? ಗಾಳಿ ಆಡಬೇಕಲ್ಲ."

"ಕರೆಕ್ಟಾಗಿ ಹೇಳಿದ್ರಿ ಅಕ್ಕ," ಎಂದ ದೀಪು. "ಅದು ಫ್ಯಾನ್ ಜೊತೆಗೆ ಹಾಕೋದು. ಬರೀ ಗಾಳೀಲೇ ನಡೀಬೇಕು ಅಂದ್ರೆ ಸಂದು ದೊಡ್ಡದಿರೋದೇ ತಗೊಳ್ಳಿ. ನಿಮ್ದು ಕಮ್ಮಿ ಬಿಸಿಯಾಗೋ ಸಿಪಿಯು, ಆರಾಮಾಗಿ ನಡಿಯುತ್ತೆ. ಆದ್ರೆ ಎತ್ತರ ಕಣ್ರೀ, ನಿಮ್ಮ ಕಂಪ್ಯೂಟರ್ ಡಬ್ಬದೊಳಗೆ ಹಿಡಿಯಲ್ಲ."

"ಡಬ್ಬಿ ನನಗ ಬಿಡು ತಮ್ಮಾ!" ಹಣಮಂತನ ಕೂಗಿಗೆ ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು.

ಸಂದು ದೊಡ್ಡದಿದ್ದ ಕೂಲರೇ ಮನೆಗೆ ಬಂತು. ಜೊತೆಗೆ ತಿರುಗುವ ಭಾಗವಿಲ್ಲದ ಡಿಸ್ಕು, ಫ್ಯಾನಿಲ್ಲದ ಅಡಾಪ್ಟರು. ಮರುದಿನ ಹಣಮಂತ ಸೂಪರ್‌ವೈಸರನನ್ನು ಕಾಡಿ ಬೇಡಿ, ಊಟದ ಬಿಡುವಿನಲ್ಲಿ, ಮುಚ್ಚಳದ ತುಂಬ ತೂತು ಹೊಡೆದ ಎತ್ತರದ ಡಬ್ಬಿಯನ್ನು ಅದೇ ಪ್ರೆಸ್ಸಿನಲ್ಲಿ ಮಾಡಿ ತಂದ. ಈ ಸಲ ಬಿರಡೆ ಕಿವಿಯಲ್ಲೇ ಇತ್ತು.

ಗುಂಡಿ ಒತ್ತಿದರು. ಪರದೆ ಬೆಳಗಿತು. ಅಂಜಿನಮ್ಮ ಬಗ್ಗಿ ಡಬ್ಬಿಗೆ ಕಿವಿ ಕೊಟ್ಟು, "ಇದೇನು ನಡೀತಾ ಅದೋ, ಸತ್ತೋಯ್ತೋ?" ಎಂದಳು. ಅಷ್ಟು ಸಾಕಾಯಿತು. ಸವಿತಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹಣಮಂತ ಮುದುಕಿಯ ಕೈ ಹಿಡಿದು ಕುಣಿದೇಬಿಟ್ಟ.

ಮುಂಜಾನೆ ಸವಿತಾ ಓದಲು ಕೂತಳು. ಹಣಮಂತ ಮೆಟ್ಟಿಲ ಮೇಲೆ ನಿಂತು, ಬಿಂದಿಗೆ ಹಿಡಿದವರನ್ನೂ ಬೈಕು ಹೊರಡಿಸುವವರನ್ನೂ ಕಾರ್ಖಾನೆಯ ಕೈಸನ್ನೆಯಲ್ಲೇ ತಡೆದ. ವಾರದೊಳಗೆ ಉತ್ತರ ಬಂತು: ಪುಸ್ತಕ ನಿಮ್ಮದೇ, ಮುಂದುವರಿಸಿ.

"ನನಗೂ ಕೇಳಸು," ಎಂದು ಹಣಮಂತ ಹೆಡ್‌ಫೋನ್ ಹಾಕಿಕೊಂಡ. ಏನೂ ಕೇಳಲಿಲ್ಲ. ಸವಿತಾ ವಾಲ್ಯೂಮ್ ಏರಿಸಿದಳು, ಇನ್ನೂ ಏರಿಸಿದಳು. ಹಳೆಯ ರೆಕಾರ್ಡಿಂಗಿಗೆ ಹೀಗೆ ಏರಿಸಿದ್ದರೆ ಗುಂಯ್ ಕೂಡ ಏರಿ ಓದೆಲ್ಲ ಮುಳುಗಿಹೋಗುತ್ತಿತ್ತು. ಈಗ ಬಂದದ್ದು ಅವಳ ದನಿ ಮಾತ್ರ. ಮೆತ್ತಗಿನ, ನಿಧಾನದ, ಮಗುವಿನ ತಲೆ ಸವರುವಂಥ ದನಿ.

ಹಣಮಂತ ಬೆಪ್ಪಾಗಿ ಕೂತ. ಮನೆಯಲ್ಲಿ ಅವಳ ಮಾತೆಲ್ಲ ಅವನಿಗೆ ಬಿರುಸಾಗಿಯೇ ಕೇಳುತ್ತಿತ್ತು. ಅವಳ ಗಂಟಲೇ ಗಡಸು ಎಂದು ತಿಳಿದಿದ್ದ. ಅವನಿಗೆ ಕೇಳಿಸಲೆಂದು ಅವಳು ವರ್ಷದಿಂದ ವರ್ಷಕ್ಕೆ ದನಿ ಏರಿಸುತ್ತ ಬಂದಿದ್ದಳು, ಅವಳಿಗೇ ಗೊತ್ತಿಲ್ಲದ ಹಾಗೆ.

"ಇದು ನೀನ ಏನ?" ಎಂದ. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಮತ್ಯಾರು, ಪಕ್ಕದ ಮನಿಯಾಕೀನಾ? ಸಾಕು ತಗೀರಿ, ಅನ್ನ ಆರತೈತಿ."

ಅವಳು ಓದಿದ ಪಾಠದಲ್ಲಿ ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಬ್ರಿಟಿಷರೂ ಬಂದರು. ಹಣಮಂತ ಹೆಡ್‌ಫೋನ್ ತೆಗೆಯಲಿಲ್ಲ.