ಎರಡನೇ ಸೂಜಿ

ನಮ್ಮ ಲಸಿಕೆ ಕೇಂದ್ರದ ನರ್ಸಮ್ಮನಿಗೆ ಊರವರು ಇಟ್ಟ ಹೆಸರು ಸೂಜಿಯಕ್ಕ. ಅವಳ ಬಾಯಿಯೂ ಸೂಜಿಯೇ. ಮಕ್ಕಳ ತೊಡೆ ಅಲುಗದಂತೆ ಹಿಡಿದುಕೊಳ್ಳುವ ಆಯಾ ನಾನು. ಅವಳ ಬೈಗುಳವೆಲ್ಲ ನನಗೆ ಬಾಯಿಪಾಠ.

ಎರಡನೇ ಸೂಜಿಗೆ ತಡಮಾಡಿ ಬಂದ ತಾಯಂದಿರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. “ಹಸುಗೂಸಿನ ಮೈ ಇನ್ನೂ ಎಳೇದು ಕಣಮ್ಮ. ರೋಗ ಅನ್ನೋ ಕಳ್ಳನ ಮುಖ ಒಂದ್ಸಲ ತೋರಿಸಿದ್ರೆ ಅದಕ್ಕೆ ಗುರುತು ಹತ್ತಲ್ಲ, ಮತ್ತೆ ಮತ್ತೆ ತೋರಿಸ್ಬೇಕು. ಜ್ವರ ಬಂತಾ? ಬರ್ಲಿ, ಮೈ ಪಾಠ ಕಲೀತಿದೆ ಅಂತ ತಿಳ್ಕೋ.”

ಹೆರಿಗೆಗೆಂದು ಬಂದಿದ್ದ ಅವಳ ಒಬ್ಬಳೇ ಮಗಳ ಕೂಸಿಗೂ ಮೊದಲ ಸೂಜಿಗೆ ಜ್ವರ ಬಂತು. ದಿನವಿಡೀ ಅತ್ತಿತು. ಎರಡನೆಯದಕ್ಕೆ ಕರೆದರೆ ಮಗಳು ಕೂಸನ್ನು ಎದೆಗವಚಿಕೊಂಡು ಕೋಣೆಯ ಚಿಲಕ ಹಾಕಿಕೊಂಡಳು. “ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬೇಡಮ್ಮ!” ಎಂದು ಒಳಗಿಂದಲೇ ಕೂಗಿದಳು. ಸೂಜಿಯಕ್ಕ ಬಾಗಿಲಲ್ಲೇ ಕೂತು ಬೈದಳು, ಬೇಡಿಕೊಂಡಳು. ಬಾಗಿಲು ತೆರೆಯಲಿಲ್ಲ. ಕೆಲವು ವಾರಗಳಲ್ಲೇ, ಆ ಸೂಜಿ ತಡೆಯಬೇಕಿದ್ದ ನಾಯಿಕೆಮ್ಮೇ ಬಂತು. ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ಕೂಸು ಆಸ್ಪತ್ರೆಯಲ್ಲೇ ಹೋಯಿತು.

ಊರ ಬಾಯಿಗೆ ಬೀಗ ಹಾಕುವವರು ಯಾರು? ಸೂಜಿ ಚುಚ್ಚಿದ್ದಕ್ಕೇ ಸತ್ತಿತು ಎಂದರು. ನಮ್ಮ ಬೆಂಚುಗಳು ಖಾಲಿಯಾದವು.

“ನಿಜ ಹೇಳ್ಬಿಡು ಅಕ್ಕ,” ಎಂದೆ.

“ಹೇಳಿದ್ರೆ ಮಗಳನ್ನ ಕಿತ್ತು ತಿಂತಾರೆ ಕಣೇ. ಮೊದಲೇ ಅನ್ನ ಬಿಟ್ಟಿದ್ದಾಳೆ.”

ಹೇಳದಿದ್ದರೆ ಇನ್ನೊಬ್ಬರ ಕೂಸುಗಳಿಗೆ ಅದೇ ಗತಿ ಎಂಬುದೂ ಅವಳಿಗೆ ಗೊತ್ತಿತ್ತು.

ಒಬ್ಬಳನ್ನೇ ಬಿಡಲು ಹೆದರಿ ಮಗಳನ್ನೂ ಕೇಂದ್ರಕ್ಕೆ ಕರೆತರುತ್ತಿದ್ದಳು. ಒಂದು ದಿನ ಎಳೆ ಬಾಣಂತಿಯೊಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು: “ನಿಮ್ಮ ಮೊಮ್ಮಗಳಿಗೂ ಹಾಕಿದ್ರಲ್ಲ, ಏನಾಯ್ತು?”

ಮೂಲೆಯಲ್ಲಿ ಕೂತಿದ್ದ ಮಗಳ ಮುಖ ಬಿಳಿಚಿಕೊಂಡಿತು.

“ಒಂದೇ ಹಾಕಿದ್ದು,” ಎಂದಳು ಸೂಜಿಯಕ್ಕ. “ಜ್ವರ ನೋಡಿ ನಾನೇ ಹೆದರಿ ಎರಡನೇದು ಬೇಡ ಅಂದೆ. ಅದಕ್ಕೇ ಹೋಯ್ತು. ನೀನು ಆ ತಪ್ಪು ಮಾಡ್ಬೇಡ.”

ಎಂಥ ಸುಳ್ಳು!  ಆದರೂ ಆ ಬಾಣಂತಿ ಒಳಗೆ ತಂದ ಕೂಸಿನ ತೊಡೆ ಹಿಡಿದುಕೊಂಡೆ.

ಬೆಂಚುಗಳು ಮತ್ತೆ ತುಂಬಿದವು. ಮಗಳು ಊಟ ಮಾಡತೊಡಗಿದಳು, ಗಂಡನ ಮನೆಗೆ ಹೊರಟು ನಿಂತಳು. ಅವಳನ್ನು ಕಳಿಸಲು ನಾನೂ ಹೋಗಿದ್ದೆ.

“ಮತ್ತೆ ಯಾವಾಗ ಬರ್ತೀಯೇ?” ಎಂದು ತಾಯಿ ಕೇಳಿದಳು.

“ಯಾವ ಮುಖ ಇಟ್ಕೊಂಡು ಕೇಳ್ತೀಯಮ್ಮ? ಅವತ್ತು ನೀನು ಬೇಡ ಅನ್ನದೇ ಇದ್ದಿದ್ರೆ ನನ್ನ ಮಗು ಬದುಕಿರ್ತಿತ್ತು.”

ಅವಳು ನಾಟಕ ಆಡುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿಬಿಟ್ಟಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸೂಜಿಯಕ್ಕ ನನ್ನ ಕೈ ಅದುಮಿದಳು.

“ಹೌದು ಮಗಳೇ,” ಎಂದಳು.