ಲೈನ್ ಕ್ಲಿಯರ್ ಸಿಗುವವರೆಗೆ

ನಮ್ಮ ಪುಟ್ಟ ರೈಲಿನ ಮೊದಲ ವರ್ಷಗಳ ಬಗ್ಗೆ ಯಾರು ಕೇಳಿದರೂ ನಾನು ಒಂದೇ ಕಥೆ ಹೇಳುತ್ತ ಬಂದಿದ್ದೇನೆ: ಬಾಗಿಲು ತೆರೆದ ಮೊದಲ ಭಾನುವಾರವೇ ಮೆಟ್ಟಿಲ ತುಂಬ ಜನ. ಮೊನ್ನೆ ಆಗಿನ ಡೈರಿ ತೆಗೆದು ನೋಡಿದೆ. ‘ಹನ್ನೊಂದು ಜನ ಬಂದರು, ಅದರಲ್ಲಿ ನಾಲ್ವರು ನೆಂಟರು’ ಎಂದು ನನ್ನದೇ ಅಕ್ಷರದಲ್ಲಿದೆ. ಮೆಟ್ಟಿಲು ತುಂಬಿದ್ದು ಎಷ್ಟೋ ತಿಂಗಳಾದ ಮೇಲೆ. ಹಾಗಾಗಿ ಇದನ್ನು ಡೈರಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಡೈರಿಯನ್ನೂ ಪೂರ್ತಿ ನಂಬುವಂತಿಲ್ಲ, ಅದು ಮುಂದೆ ಗೊತ್ತಾಗುತ್ತದೆ.

ದಾವಣಗೆರೆಯಲ್ಲಿ ನಮ್ಮ ಮನೆತನದ ಹಳೆಯ ಹತ್ತಿ ಗೋದಾಮಿತ್ತು. ಅದರ ಮಹಡಿಯ ಉದ್ದಕ್ಕೂ ಮೇಜು ಜೋಡಿಸಿ ನಾನೂ ನನ್ನ ಗಂಡನೂ ಹಳಿ ಹಾಸಿದೆವು. ಈ ತುದಿಯಲ್ಲಿ ದಾವಣಗೆರೆ ಸ್ಟೇಷನ್, ಆ ತುದಿಯಲ್ಲಿ ಹರಿಹರ, ಅದರಾಚೆ ತುಂಗಭದ್ರೆಯ ಸೇತುವೆ. ನಡುವೆ ಗೋಣಿನಾರಿಗೆ ಹಸಿರು ಬಣ್ಣ ಹಾಕಿ ಮಾಡಿದ ಭತ್ತದ ಗದ್ದೆ. ಲೋಕಿಕೆರೆಯಿಂದ ಬಂದ ರೈತರೊಬ್ಬರು ಬಗ್ಗಿ ನೋಡಿ, “ನಾಟಿ ಸಾಲು ಸೊಟ್ಟ ಆಗೈತಲ್ರೀ, ಯಾರ್ ಹಚ್ಚಿದ್ದು?” ಎಂದರು. ಹಚ್ಚಿದ ನನ್ನ ಗಂಡ ಮರುದಿನವೇ ಅಷ್ಟನ್ನೂ ಕಿತ್ತು ಮತ್ತೆ ನೆಟ್ಟರು.

ಹರಿಹರದಲ್ಲಿ ನೆಲೆಸಿದ್ದ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರು ಹೀಗೇ ಒಂದು ಭಾನುವಾರ ನೋಡಲು ಬಂದರು. ಒಂದು ತಾಸು ನಿಂತು ನೋಡಿ, ಕೊನೆಗೆ ಹೇಳಿದರು: “ಊರು ಚಲೋ ಮಾಡೀರಿ. ರೈಲು ಮಾತ್ರ ಹಗ್ಗ ಬಿಚ್ಚಿದ ಕರು ತಿರಗಿದಂಗ ತಿರಗ್ತಾವೆ.”

ಒಂದೇ ಹಳಿಯಿದ್ದ ಕಾಲದಲ್ಲಿ ಎದುರಿನ ಸ್ಟೇಷನ್ ಒಪ್ಪಿಗೆ ಕೊಡದೆ ಯಾವ ರೈಲೂ ಹೊರಡುತ್ತಿರಲಿಲ್ಲವಂತೆ. ಆ ಒಪ್ಪಿಗೆಯೇ ಲೈನ್ ಕ್ಲಿಯರ್. ಅದನ್ನು ಇಲ್ಲಿಯೂ ತರಬೇಕೆಂದು ಹಟ ಹಿಡಿದ ಅವರೇ ಹರಿಹರದ ಸ್ಟೇಷನ್ನಿಗೆ ಕೂತರು, ಪ್ರತಿ ಭಾನುವಾರ. ಮೊದಲ ಕೆಲಸವಾಗಿ ಮಹಡಿಯ ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿದರು. ರೈಲು ನುಸುಳುವಷ್ಟು ಕಿಂಡಿ ಬಿಟ್ಟರೆ ಒಂದು ಸ್ಟೇಷನ್ನಿನಿಂದ ಇನ್ನೊಂದು ಕಾಣುವಂತಿರಲಿಲ್ಲ. ದಾವಣಗೆರೆಯಲ್ಲಿ ಕೂತ ನಾನು ಗುಂಡಿ ಒತ್ತಿ ಎರಡು ಸಲ ಗಂಟೆ ಬಾರಿಸಿ ಕೇಳಬೇಕು. ಹಳಿ ಖಾಲಿಯಿದ್ದರೆ ಅವರು ಎರಡು ಸಲ ಗಂಟೆ ಬಾರಿಸಿ ಉತ್ತರಿಸುತ್ತಾರೆ. ಉತ್ತರ ಬಾರದಿದ್ದರೆ ರೈಲು ನಿಂತೇ ಇರಬೇಕು.

ನನಗೆ ಭಯವಾಗಿತ್ತು. ನಿಂತ ರೈಲನ್ನು ನೋಡಲು ಯಾರು ಮಹಡಿ ಹತ್ತುತ್ತಾರೆ? ಮೊದಲ ದಿನ ರೈಲು ನಿಂತಿದ್ದೇ ತಡ, “ಕರೆಂಟ್ ಹೋತೇನ್ರಿ?” ಎಂದರೊಬ್ಬರು. “ಕೆಟ್ಟೈತೆ, ನಡೀರಿ ದೋಸೆ ತಿನ್ನಾನ,” ಎಂದರು ಇನ್ನೊಬ್ಬರು. ಆಗ ಗಂಟೆ ಹೊಡೆಯಿತು, ರೈಲು ಅಲುಗಿತು. ಎದ್ದ ಕೂಗಿಗೆ ಹಂಚಿನ ಮೇಲಿನ ಪಾರಿವಾಳಗಳು ಹಾರಿದವು. ಕಾಯುವುದೇ ಆಟವಾಯಿತು. ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ ಸೇರಿ ಪ್ಲೈವುಡ್ ಮೇಲಿಂದ ಜಗಳಕ್ಕೆ ನಿಲ್ಲುತ್ತಿದ್ದರು.

“ಏನ್ರೋ, ಹರಿಹರದಾಗ ಎಲ್ರೂ ಮಲಗೀರೇನು?”

“ಎಮ್ಮೆ ಅಡ್ಡ ಬಂದೈತೆ, ನಿಂದರ್ರಿ! ದಾವಣಗೆರಿಯವ್ರಿಗೆ ಎಲ್ಲಾದ್ರಾಗೂ ಅವಸರ!”

ಭಾನುವಾರ ಬರುವುದನ್ನು ನಾನು ಸೋಮವಾರದಿಂದಲೇ ಕಾಯುತ್ತಿದ್ದೆ.

ಎರಡನೆಯ ವರ್ಷದ ಬೇಸಿಗೆ ರಜೆಯ ಒಂದು ಭಾನುವಾರ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರಿಹರದಿಂದ ಗೂಡ್ಸ್ ಬಿಡಲು ಮಾಸ್ಟರು ಕೇಳಿದರು, ನಾನು ಒಪ್ಪಿಗೆ ಕೊಟ್ಟೆ. ಅಂದರೆ ಹಳಿ ಈಗ ಅವರದು. ಅಷ್ಟರಲ್ಲಿ ನನ್ನ ಪ್ಯಾಸೆಂಜರ್ ರೈಲಿನ ಸುತ್ತ “ಬಿಡ್ರಿ, ಬಿಡ್ರಿ” ಎಂಬ ಕೂಗು ಶುರುವಾಯಿತು. ಇಡೀ ಮಹಡಿ ತಾಳ ಹಾಕಿತು. ನಾನು ಸ್ವಿಚ್ ತಿರುಗಿಸಿದೆ.

ಕಿಂಡಿಯ ಒಳಗೆ ಎರಡೂ ಗುದ್ದಿಕೊಂಡವು. ಗೂಡ್ಸಿನ ಎಂಜಿನ್ ಗದ್ದೆಗೆ ಉರುಳಿ, ಅಲ್ಲಿಂದ ನೆಲಕ್ಕೆ ಬಿತ್ತು. ಆಮೇಲೆ ಚಪ್ಪಾಳೆ! “ಇನ್ನೊಂದ್ ಸಲ ಮಾಡ್ರಿ!” ಮಾಸ್ಟರು ಗೋಡೆ ಸುತ್ತಿ ಬಂದರು, ಎಂಜಿನ್ ಎತ್ತಿ ಪಂಚೆಯ ಅಂಚಿನಿಂದ ಒರೆಸಿ ಮೇಜಿನ ಮೇಲಿಟ್ಟರು, ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋದರು.

“ಆ ಕಡೆ ಒಂದು ಸರ್ಕ್ಯೂಟ್ ಕೂಡಿಸ್ತೀನಿ, ಗಂಟೆ ತಾನೇ ಹೊಡ್ಕೊಳ್ತದೆ,” ಎಂದರು ನನ್ನ ಗಂಡ.

“ಬ್ಯಾಡ,” ಎಂದೆ. ಅವರಿಲ್ಲದಿದ್ದರೆ ನಮ್ಮದು ಮತ್ತೆ ಗಿರಗಿರ ಸುತ್ತುವ ಆಟಿಕೆ, ಅಷ್ಟೆ. ಅದನ್ನು ನಡೆಸುವ ಆಸೆ ನನಗೆ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಹರಿಹರಕ್ಕೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. “ಬರ್ರಿ, ಕೂಡ್ರಿ. ನಿನ್ನೆಯಿಂದ ಸರಿಯಾಗಿ ಉಂಡಿಲ್ಲ ಇವ್ರು. ಗೊಂಬಿ ರೈಲು, ಯಾರೂ ಸತ್ತಿಲ್ಲ ಅಂದ್ರೂ ಕೇಳವಲ್ರು.”

ಮಾಸ್ಟರು ಒಂದು ಹಾಳೆ, ಒಂದು ಪೆನ್ನು ತಂದು ನನ್ನ ಮುಂದಿಟ್ಟರು. “ಅಪಘಾತ ಆದ್ರೆ ಹೇಳಿಕೆ ಬರ್ಕೊಡಬೇಕು. ಬರೀರಿ.”

ಬರೆದೆ. ‘ಎರಡು ಗಂಟೆ ಕೇಳಿಸಿದ ನಂತರ ರೈಲು ಬಿಟ್ಟೆ.’

“ಕೇಳಿಸ್ತೋ, ಕೇಳಿಸಿದಂಗಾತೋ?”

“ಕೇಳಿಸ್ತು ಅನ್ಸುತ್ತೆ.”

“ನಾನು ಬಾರ್ಸೇ ಇಲ್ವಲ್ರೀ ಮೇಡಂ. ನನ್ನ ಗೂಡ್ಸ್ ಹಳಿ ಮ್ಯಾಲೆ ಇತ್ತು. ಹೆಂಗೆ ಬಾರ್ಸಲಿ?”

ಹಿಂದಿನ ದಿನದ ಡೈರಿಯಲ್ಲೂ ನಾನು ಅದನ್ನೇ ಬರೆದಿದ್ದೆ: ‘ಗಂಟೆ ಸ್ಪಷ್ಟವಾಗಿ ಕೇಳಿಸಿತು.’ ಸ್ಪಷ್ಟವಾಗಿ ಎಂಬ ಪದವನ್ನು ಯಾಕೆ ಸೇರಿಸಿದೆ? ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಎರಡು ಗಂಟೆಗಳು ನನಗೆ ಕೇಳುತ್ತವೆ. ಹಾಳೆಯ ಮೇಲಿನ ಸಾಲು ಹೊಡೆದುಹಾಕಿ ಮತ್ತೆ ಬರೆದೆ: ‘ಗಂಟೆ ಬಂದಿರಲಿಲ್ಲ. ಗೂಡ್ಸಿಗೆ ಒಪ್ಪಿಗೆ ಕೊಟ್ಟಿದ್ದೆ. ಜನ ಕೂಗುತ್ತಿದ್ದರು, ನನಗೆ ಖುಷಿಯಾಗಿತ್ತು, ಬಿಟ್ಟುಬಿಟ್ಟೆ.’

ಅವರು ಎರಡು ಸಲ ಓದಿದರು. “ನನ್ನ ಸರ್ವೀಸ್‌ನಾಗ ಎಷ್ಟೋ ಹೇಳಿಕೆ ಓದೀನಿ. ಖುಷಿ ಆಗಿತ್ತು ಅಂತ ಯಾರೂ ಬರ್ಕೊಟ್ಟಿಲ್ಲ.” ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. “ನಾಲ್ಕು ಭಾನುವಾರ ನಿಮಗೆ ಡ್ಯೂಟಿ ಇಲ್ಲ.”

“ಅಂದ್ರೆ... ನೀವು ಬರ್ತೀರಾ?”

“ಡ್ಯೂಟಿ ಇಲ್ಲ ಅಂದಿದ್ದು ನಿಮಗೆ. ನಂಗೆ ಐತಲ್ಲ.”

ಹೀಗೆ ಮುಂದಿನ ಭಾನುವಾರ ದಾವಣಗೆರೆಯ ಸ್ವಿಚ್ಚಿನ ಮುಂದೆ ನನ್ನ ಗಂಡ ಬೆವರುತ್ತ ಕೂತರು. ನಾನು ಜನರ ನಡುವೆ ನಿಂತೆ. ಅಲ್ಲಿ ನಿಂತು ನಮ್ಮ ರೈಲನ್ನು ನೋಡಿದ್ದು ಅದೇ ಮೊದಲು. ಮುಂದಿದ್ದವರ ಹೆಗಲ ಸಂದಿನಿಂದ ಎಂಜಿನ್ನಿನ ದೀಪ ಮಾತ್ರ ಕಾಣುತ್ತಿತ್ತು, ಹಿಂದಿನಿಂದ ಯಾರೋ ನೂಕುತ್ತಿದ್ದರು. ಗೋಡೆಯಾಚೆ ಏನು ನಡೆದಿದೆ ಎಂಬುದು ಗೊತ್ತಾಗುತ್ತಿರಲಿಲ್ಲ. ನನ್ನ ಗಂಡ ಒಪ್ಪಿಗೆ ಕೇಳುವ ಗಂಟೆ ಬಾರಿಸಿದರು. ಉತ್ತರವಿಲ್ಲ. ಇನ್ನೂ ಇಲ್ಲ.

“ಅಯ್ಯೋ, ಯಾಕಿನ್ನೂ ಬಿಡ್ತಿಲ್ಲ?” ನನಗೇ ತಿಳಿಯದಂತೆ ಬಾಯಿಂದ ಬಂತು.

ಪಕ್ಕದಲ್ಲಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇದೇ ಮೊದ್ಲು ಬರಾದೇನ್ರಿ ಅಕ್ಕಾರ? ಹರಿಹರದ ಅಜ್ಜಾರು ಹೂಂ ಅನ್ಬೇಕು. ಅಲ್ಲೀತಂಕ ಯಾರ್ ಕೂಗಿದ್ರೂ ಬಿಡಲ್ಲ ಇಲ್ಲಿ.”

“ಹೌದೇನ್ರಿ?” ಎಂದೆ. ಅವಳು ಸ್ವಲ್ಪ ಸರಿದು ನನಗೂ ಕಾಣುವಂತೆ ಜಾಗ ಮಾಡಿಕೊಟ್ಟಳು.