ಚಿಕ್ಕಪ್ಪನ ಸಹಿ, ನನ್ನ ಸಾಕ್ಷಿ

ವಾಸು ಚಿಕ್ಕಪ್ಪನ ಕೈಗೆ ಪೆನ್ನು ಕೊಟ್ಟವಳು ನಾನು. ಚಾಮರಾಜಪೇಟೆಯಲ್ಲಿ ತಾನು ಹುಟ್ಟಿ ಬೆಳೆದ ಮನೆಯ ಮೇಲಿನ ಹಕ್ಕನ್ನು ಅವನು ಅಣ್ಣನಿಗೂ ಅಕ್ಕನಿಗೂ ಬಿಟ್ಟುಕೊಟ್ಟ ದಿನ, ನೋಂದಣಿ ಕಚೇರಿಯ ಮೇಜಿನ ಮುಂದೆ ಅವನ ಪಕ್ಕ ನಿಂತು, ಎಲ್ಲಿ ಬರೆಯಬೇಕೆಂದು ಬೆರಳಿಟ್ಟು ತೋರಿಸಿದವಳು ನಾನು. ಅವನು ಸಹಿ ಹಾಕಿದ ಮೇಲೆ, ಅದರ ಕೆಳಗೆ, ಸಾಕ್ಷಿ ಎಂದಿದ್ದ ಜಾಗದಲ್ಲಿ ನನ್ನ ಹೆಸರನ್ನು ಬರೆದೆ. ಆಗ ನಾನು ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ತಿಳಿಯದೆ ಮಾಡಿದೆ ಎಂದು ನುಸುಳಿಕೊಳ್ಳುವ ಕಿಂಡಿ ನನಗಿಲ್ಲ. ಸ್ವಇಚ್ಛೆಯ ಒಪ್ಪಿಗೆ ಎಂದರೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದಿದ್ದೆ — ಒಳ್ಳೆಯ ಅಂಕಗಳೂ ಬಂದಿದ್ದವು.

ಚಿಕ್ಕಪ್ಪ ನನ್ನ ಅಪ್ಪನ ತಮ್ಮ. ಐವತ್ತು ದಾಟಿದ್ದಾನೆ. ಹಾಲು ತರಬಲ್ಲ, ಚಿಲ್ಲರೆ ಎಣಿಸಲಾರ. ಬೀದಿಯ ಪ್ರತಿ ನಾಯಿಗೂ ಒಂದೊಂದು ಹೆಸರಿಟ್ಟಿದ್ದ, ಅವುಗಳನ್ನು ಎಂದೂ ಅದಲುಬದಲು ಮಾಡಿದವನಲ್ಲ. ಆದರೆ ಮುಂದಿನ ವರ್ಷ ಎಂದರೆ ಏನೆಂದು ಅವನಿಗೆ ತಿಳಿಯದು. ವೈದ್ಯರು ಇದಕ್ಕೆ ಬೌದ್ಧಿಕ ಅಸಾಮರ್ಥ್ಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತು ಹೊಸಿಲು ದಾಟಿ ಒಳಗೆ ಬರಲಿಲ್ಲ. ನಮ್ಮ ಮನೆಯ ಮಾತು ಬೇರೆ: "ವಾಸು ಸ್ವಲ್ಪ ನಿಧಾನ, ಅಷ್ಟೇ."

ಸರ್ಕಾರಿ ಆಸ್ಪತ್ರೆಯಿಂದ ಅಂಗವೈಕಲ್ಯದ ಪ್ರಮಾಣಪತ್ರ ಪಡೆಯಿರಿ ಎಂದು ವೈದ್ಯರೊಬ್ಬರು ಬಹಳ ಹಿಂದೆಯೇ ಹೇಳಿದ್ದರಂತೆ. ಆಗ ಚಿಕ್ಕಪ್ಪನ ಅಕ್ಕ ಸುಮತಿ ಅತ್ತೆಗೆ ಗಂಡು ನೋಡುತ್ತಿದ್ದ ಕಾಲ. ಮನೆಯಲ್ಲಿ ಇಂಥವರಿದ್ದಾರೆ ಎಂದು ಸರ್ಕಾರದ ಮೊಹರು ಬಿದ್ದರೆ ಸಂಬಂಧ ಕೂಡೀತೇ? ಪ್ರಮಾಣಪತ್ರ ಬೇಡವೆಂದಾಯಿತು. ಅತ್ತೆಯ ಮದುವೆಯಾಯಿತು, ಮಕ್ಕಳಾದವು, ಆ ಮಕ್ಕಳ ಮದುವೆಯೂ ಆಯಿತು — ಪ್ರಮಾಣಪತ್ರದ ನೆನಪು ಯಾರಿಗೂ ಬರಲಿಲ್ಲ. ಹೀಗಾಗಿ ಕಾನೂನಿನ ಕಣ್ಣಿಗೆ ನನ್ನ ಚಿಕ್ಕಪ್ಪ ಎಲ್ಲ ಅರಿತ, ಎಲ್ಲಕ್ಕೂ ಹೊಣೆಗಾರನಾದ ನಾಗರಿಕ. ಮಾನ ಉಳಿಸಿಕೊಳ್ಳಲು ಹೋದ ಕುಟುಂಬ ಅವನ ಒಂದೇ ಒಂದು ರಕ್ಷಣೆಯನ್ನು ಕಳೆದಿತ್ತು.

ಅಜ್ಜಿ ಕಾರ್ಪೊರೇಷನ್ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಬೀದಿಯ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳಿಗೆ ತನ್ನ ಮಗನಿಗೆ ಒಂದೇ ಒಂದು ಪದ ಕಲಿಸಲು ವರ್ಷಗಳು ಹಿಡಿದವು — ವಾಸುದೇವ. ವಿಜಯದಶಮಿಯ ದಿನ ಅಕ್ಷರಾಭ್ಯಾಸಕ್ಕೆಂದು ನೆರೆಹೊರೆಯ ಮಕ್ಕಳು ನಮ್ಮ ನಡುಮನೆಗೆ ಬರುತ್ತಿದ್ದರು. ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಅರಿಶಿನದ ಕೊಂಬಿನಿಂದ ಮೊದಲು ಬರೆಯುವವನು ಚಿಕ್ಕಪ್ಪನೇ. ಬರೆದು ತಲೆ ಎತ್ತಿ ಕೇಳುತ್ತಿದ್ದ: "ಚೆನ್ನಾಗ್ ಬಂತಾ?" ಅಜ್ಜಿ "ತುಂಬಾ ಚೆನ್ನಾಗ್ ಬಂತು ಕಂದಾ" ಎಂದು ಅವನ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳು. ಮಗ ಹೆಬ್ಬೆಟ್ಟು ಒತ್ತುವವನಾಗಬಾರದು ಎಂಬುದೊಂದೇ ಅವಳ ಹಟ. ಆ ಹಟವನ್ನು ನಾವು ಯಾವುದಕ್ಕೆ ಬಳಸಿಕೊಂಡೆವು — ಅದಕ್ಕೆ ಬರುತ್ತೇನೆ.

ಮಂಡಿ ಸೋತು ಹೊರಗೆ ಓಡಾಡುವುದು ನಿಂತ ಮೇಲೆ ಅಜ್ಜಿ ಪಕ್ಕದ ಬೀದಿಯ ವಕೀಲೆಯೊಬ್ಬರನ್ನು ಮನೆಗೆ ಕರೆಸಿದಳು. ಮನೆ ಅಜ್ಜಿಯ ಹೆಸರಿನಲ್ಲಿತ್ತು. ವಕೀಲೆ ಕಾಫಿ ಕುಡಿಯುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದರು. ಒಂದು ಟ್ರಸ್ಟ್ ಮಾಡುವುದು. ಚಿಕ್ಕಪ್ಪ ಇರುವವರೆಗೆ ಕೆಳಮನೆ ಅವನ ವಾಸಕ್ಕೆ, ಮಹಡಿಯ ಬಾಡಿಗೆ ಅವನ ಊಟ, ಔಷಧಿ, ನೋಡಿಕೊಳ್ಳುವವರ ಸಂಬಳಕ್ಕೆ. ಪ್ರಮಾಣಪತ್ರವನ್ನು ಈಗಲಾದರೂ ಮಾಡಿಸಿ, ಜಿಲ್ಲಾಧಿಕಾರಿಗಳ ಸಮಿತಿಯ ಮುಂದೆ ಅವನಿಗೊಬ್ಬ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳುವುದು.

"ಗಾರ್ಡಿಯನ್ ಆಗೋರು ಚಿಕ್ಕ ವಯಸ್ಸಿನೋರಾಗಿರ್ಲಿ ಅಮ್ಮ. ನಿಮ್ಮ ದೊಡ್ಡ ಮಗನಿಗೂ ವಯಸ್ಸಾಗ್ತಾ ಬಂತಲ್ಲ," ಎಂದರು ವಕೀಲೆ. ಅಜ್ಜಿ ತಿರುಗಿ ನನ್ನನ್ನು ನೋಡಿದಳು.

ಅವರು ಗೇಟು ದಾಟುವುದನ್ನೇ ಅಪ್ಪ ಕಾಯುತ್ತಿದ್ದರು. "ಏನಮ್ಮಾ, ನನ್ನ ತಮ್ಮನಿಗೆ ಅನ್ನ ಹಾಕೋಕೆ ನಂಗೆ ಸ್ಟಾಂಪ್ ಪೇಪರ್ ಬೇಕಾ?"

ಅತ್ತೆ ನಕ್ಕಳು. "ಜಿಲ್ಲಾಧಿಕಾರಿ ಬಂದು ಅವನಿಗೆ ಸ್ನಾನ ಮಾಡಿಸ್ತಾರಾ? ಕೇಳಿದೋರು ನಗ್ತಾರಮ್ಮ."

ಅಜ್ಜಿ ನಗಲಿಲ್ಲ. "ಇವರಿಬ್ರ ಮಾತು ಹಾಗಿರ್ಲಿ. ಓದಿದೋಳು ನೀನು. ನೀನ್ ಹೇಳು ಮೇಧಾ, ಇದು ಬೇಕೋ ಬೇಡ್ವೋ?"

ನಾನು ಹೇಳಿದೆ: "ಅದೆಲ್ಲ ಯಾಕಜ್ಜಿ? ಕಾನೂನಲ್ಲಿ ಚಿಕ್ಕಪ್ಪನಿಗೂ ಸಮಪಾಲು ಇದ್ದೇ ಇದೆ. ನಾವಿದ್ದೀವಲ್ಲ."

ಮೊದಲ ಮಾತು ನಿಜ. ಆ ನಿಜವನ್ನು ಸುಳ್ಳಿಗೆ ಹೊದಿಕೆಯಾಗಿ ಬಳಸಿದೆ. ಪಾಲು ಇರುವುದು ಬೇರೆ, ಅದನ್ನು ಕಾಯುವ ಕೈ ಇರುವುದು ಬೇರೆ — ನನಗೆ ಗೊತ್ತಿತ್ತು. ಆದರೂ ಬೇಡವೆಂದೆ, ಏಕೆಂದರೆ ಪಾಲಕಿ ಎಂಬ ಪದದ ಮುಂದೆ ನನ್ನ ಹೆಸರು ಬರುವುದು ನನಗೆ ಬೇಕಿರಲಿಲ್ಲ. ವರ್ಷವರ್ಷವೂ ಯಾರಿಗೋ ಉತ್ತರ ಹೇಳಬೇಕಾದ ಬದುಕು ಬೇಕಿರಲಿಲ್ಲ. ಮುಂದೆ ನನ್ನನ್ನು ನೋಡಲು ಬರುವ ಗಂಡಿಗೆ ಚಿಕ್ಕಪ್ಪನ ವಿಷಯ ಹೇಗೆ ಹೇಳುವುದು ಎಂದು — ಹೌದು, ಅತ್ತೆಯ ಕಾಲದ ಅದೇ ಹೇಸಿಗೆಯ ಲೆಕ್ಕ. ವೇದಿಕೆಯ ಮೇಲೆ ಸಮಾನತೆಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡುತ್ತಿದ್ದವಳ ಎದೆಯೊಳಗೆ ಅದು ಒಂದಿಷ್ಟೂ ಮಾಸದೆ ಕೂತಿತ್ತು.

ಅಜ್ಜಿ ಮತ್ತೆ ವಕೀಲೆಯನ್ನು ಕರೆಸಲಿಲ್ಲ. ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು, ಕೆಲವು ತಿಂಗಳ ನಂತರ, ತೀರಿಕೊಂಡಳು.

ವರ್ಷ ತುಂಬುವ ಮೊದಲೇ ಬಿಲ್ಡರ್ ಬಂದ. ಹಳೆಯ ಮನೆ ಕೆಡವಿ ಫ್ಲಾಟ್ ಕಟ್ಟುವ ಮಾತು. ಚಿಕ್ಕಪ್ಪನ ಪಾಲಿಗೆ ಪಾಲಕರನ್ನು ನೇಮಿಸಲು ಹೋದರೆ ತಡ, ಪ್ರಶ್ನೆ, ತನಿಖೆ. ಅಪ್ಪನಿಗೆ ಸುಲಭದ ದಾರಿ ಹೊಳೆಯಿತು: "ಅವನಿಗೆ ಸಹಿ ಬರತ್ತಲ್ಲ!" ಹಕ್ಕು ಖುಲಾಸೆ ಪತ್ರ ಸಿದ್ಧವಾಯಿತು. ಅಂದರೆ, ನನ್ನ ಪಾಲು ನನಗೆ ಬೇಡ ಎಂದು ಚಿಕ್ಕಪ್ಪ ಸ್ವಇಚ್ಛೆಯಿಂದ ಬರೆದುಕೊಡುವ ಪತ್ರ. ಅವನಿಗೆ ಹೊಸ ಫ್ಲಾಟಿನಲ್ಲಿ ಒಂದು ಕೋಣೆ ಎಂದು ಬಾಯಿಮಾತಿನ ಭರವಸೆ. ಬಾಯಿಮಾತು — ನಮ್ಮಂಥ ಸಭ್ಯರ ಮನೆಗಳಲ್ಲಿ ವಂಚನೆಗೆ ಇಟ್ಟ ಮುದ್ದಿನ ಹೆಸರು.

ಮನೆಯಲ್ಲೇ ಪಾಠ ನಡೆಯಿತು. ಹೇಳಿಕೊಟ್ಟವಳು ನಾನು. "ಸಾಹೇಬ್ರು ಒಪ್ಪಿಗೆನಾ ಅಂತ ಕೇಳ್ತಾರೆ ಚಿಕ್ಕಪ್ಪ. ಹೂಂ, ಒಪ್ಪಿಗೆ ಅನ್ನು." ಅವನು ಶ್ರದ್ಧೆಯಿಂದ ಕಲಿತ. ಕಚೇರಿಯಲ್ಲಿ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು, "ಒಪ್ಪಿಗೆ ಇದೆಯೇನ್ರೀ?" ಚಿಕ್ಕಪ್ಪ ಅವರಿಗೆ ಹೇಳಲಿಲ್ಲ, ನನ್ನ ಕಡೆ ತಿರುಗಿ, ಪಾಠ ಒಪ್ಪಿಸುವವನಂತೆ, "ಹೂಂ, ಒಪ್ಪಿಗೆ" ಎಂದ. ಆಗಲಾದರೂ ಆ ಅಧಿಕಾರಿ ತಲೆ ಎತ್ತಿ ಅವನ ಮುಖ ನೋಡಿದ್ದರೆ — ಬೇಡ. ಅವರು ಉತ್ತರಿಸಬೇಕಾದದ್ದಿದೆ, ಆದರೆ ಅದು ನನ್ನ ಪಾಲಿನದನ್ನು ಕಡಿಮೆ ಮಾಡುವುದಿಲ್ಲ.

ಚಿಕ್ಕಪ್ಪ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರವನ್ನು ತಿದ್ದಿದಂತೆ ಬರೆದ. ತಲೆ ಎತ್ತಿದ. "ಚೆನ್ನಾಗ್ ಬಂತಾ?"

"ತುಂಬಾ ಚೆನ್ನಾಗ್ ಬಂತು ಚಿಕ್ಕಪ್ಪ."

ಅವನು ಬಾಯಿ ತೆರೆದು ಕಾದ. ಬೆಲ್ಲಕ್ಕಾಗಿ. ಅಪ್ಪ ಬೇರೆ ಕಡೆ ನೋಡಿದರು, ಅತ್ತೆ ವ್ಯಾನಿಟಿ ಬ್ಯಾಗಿನಲ್ಲಿ ಏನನ್ನೋ ಹುಡುಕಿದಳು.

ಫ್ಲಾಟುಗಳು ಎದ್ದವು. ಚಿಕ್ಕಪ್ಪನ ಕೋಣೆ ಮೊದಲು ಅತಿಥಿಗಳದಾಯಿತು, ಆಮೇಲೆ ಅಪ್ಪನ ವ್ಯಾಯಾಮದ ಯಂತ್ರದ್ದು. ಕೆಲವು ತಿಂಗಳು ಅಪ್ಪನ ಸೋಫಾ, ಕೆಲವು ತಿಂಗಳು ಅತ್ತೆಯ ಬಾಲ್ಕನಿ. ಅವನು ಲಿಫ್ಟಿಗೆ ಹೆದರಿ ಮೆಟ್ಟಿಲಲ್ಲಿ ಕೂತು ಅಳುವುದು ಇತರ ಮನೆಗಳವರಿಗೆ ತೊಂದರೆಯಾಯಿತು. ಕೊನೆಗೆ ಕನಕಪುರ ರಸ್ತೆಯಾಚೆ ಇಂಥವರನ್ನು ಇಟ್ಟುಕೊಳ್ಳುವ ಒಂದು ಆಶ್ರಯಧಾಮ. ನಾಯಿಗಳಿಲ್ಲ ಅಲ್ಲಿ. ಗೇಟಿಗೆ ಬೀಗ.

ಕಳೆದ ವಿಜಯದಶಮಿಯಂದು ಬೆಲ್ಲ ತೆಗೆದುಕೊಂಡು ನೋಡಲು ಹೋಗಿದ್ದೆ. ಅವನ ಮಂಚದ ಪಕ್ಕದ ಗೋಡೆಯ ತುಂಬ ಇದ್ದಿಲಿನಲ್ಲಿ ವಾಸುದೇವ, ವಾಸುದೇವ, ವಾಸುದೇವ. ನನ್ನನ್ನು ಕಂಡವನೇ ಕೈ ಹಿಡಿದು ಗೋಡೆಯ ಬಳಿ ಎಳೆದೊಯ್ದ. "ಅವತ್ತು ಚೆನ್ನಾಗ್ ಬರ್ಲಿಲ್ಲ ಅಲ್ವಾ? ಈಗ ಚೆನ್ನಾಗ್ ಬರ್ದಿದೀನಿ ನೋಡು. ಮನೆಗೆ ಹೋಗೋಣ್ವಾ?"

ಸಹಿ ಕೆಟ್ಟದಾಗಿ ಬಂದದ್ದಕ್ಕೆ ತನ್ನನ್ನು ಮನೆಯಿಂದ ಕಳಿಸಿದ್ದಾರೆ — ಇಷ್ಟು ದಿನವೂ ಅವನು ತಿಳಿದದ್ದು ಇದು. ನಮ್ಮ ತಪ್ಪನ್ನೂ ಅವನೇ ಹೊತ್ತಿದ್ದ. ಕೊಟ್ಟ ಬೆಲ್ಲವನ್ನು ಅವನು ತಿನ್ನಲಿಲ್ಲ. ಮನೆಯಲ್ಲಿ ತಿನ್ನುತ್ತೇನೆಂದು ಜೇಬಿಗೆ ಹಾಕಿಕೊಂಡ.

ಆ ಪತ್ರವನ್ನು ರದ್ದುಪಡಿಸಲು ದಾವೆ ಹೂಡುತ್ತಿದ್ದೇನೆ. ಅಜ್ಜಿ ಕರೆಸಿದ್ದ ವಕೀಲೆಯೇ ನಡೆಸುತ್ತಾರೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದಾಗಿದೆ. ಪಾಲಕಿಯಾಗಲು ನನ್ನ ಹೆಸರನ್ನೇ ಕೊಟ್ಟಿದ್ದೇನೆ. ಸುದ್ದಿ ತಿಳಿದು ಅಪ್ಪ ಕೂಗಾಡಿದರು: "ಬುದ್ಧಿ ಇಲ್ಲದೋನು ಅಂತ ಕೋರ್ಟಲ್ಲಿ ಸಾರ್ತೀಯಾ? ನಿಮ್ಮಜ್ಜಿ ಜೀವಮಾನವಿಡೀ ಕಾಪಾಡಿದ ಮಾನ ಕಣೇ ಅದು!"

ಅಪ್ಪಾ, ಮಾನದ ಮಾತು ನಿಮ್ಮ ಬಾಯಲ್ಲಿ ಬೇಡ. ಅವನ ಮಾನ ಇದ್ದದ್ದು ಅವನ ಕೆಳಮನೆಯಲ್ಲಿ, ಅವನ ಬೀದಿಯಲ್ಲಿ. ಅದನ್ನು ಚದರಡಿಗಳ ಲೆಕ್ಕದಲ್ಲಿ ನೀವೂ ಅತ್ತೆಯೂ ಹಂಚಿಕೊಂಡಿರಿ. ಅದರ ಬಾಗಿಲು ತೆರೆದುಕೊಟ್ಟವಳು ನಾನು. ಅಜ್ಜಿ ಕೇಳಿದಾಗ ನಾನು ಹೇಳಿದ "ನಾವಿದ್ದೀವಲ್ಲ" ಎಂಬ ಮಾತಿಗೆ ಈಗ ನಾವು ಲೆಕ್ಕ ಕೊಡಬೇಕು, ಎಲ್ಲರ ಮುಂದೆ, ಪ್ರಮಾಣ ಮಾಡಿ. ನೀವು ಕೊಡದಿದ್ದರೂ ನಾನು ಕೊಡುತ್ತೇನೆ.

ಒಂದು ಸಂಗತಿ ಮಾತ್ರ ನನ್ನನ್ನು ಕೊರೆಯುತ್ತದೆ. ಗೆಲ್ಲಬೇಕಾದರೆ, ಅವನು ಜೀವನದಲ್ಲಿ ಕಲಿತ ಒಂದೇ ಪದಕ್ಕೆ ಬೆಲೆಯಿಲ್ಲವೆಂದು ನ್ಯಾಯಾಧೀಶರ ಮುಂದೆ ನಾನು ಹೇಳಬೇಕು. ಅವನು ಅಲ್ಲೇ ಕೂತು ಕೇಳುತ್ತಿರುತ್ತಾನೆ. ಹೇಳುತ್ತೇನೆ. ಆದರೆ ಅವನ ಮುಖ ನೋಡಿ ಇದನ್ನೂ ಹೇಳುತ್ತೇನೆ — ಚಿಕ್ಕಪ್ಪ, ನಿನ್ನ ಸಹಿ ಅವತ್ತೂ ಚೆನ್ನಾಗಿಯೇ ಬಂದಿತ್ತು. ಆ ಹಾಳೆಯಲ್ಲಿ ಕೆಟ್ಟದ್ದು ಅದರ ಕೆಳಗಿದ್ದ ಸಹಿ. ಅದು ನನ್ನದು.